ನಾಕ ಹೊಡದ ಮ್ಯಾಲ ಬರ್ರಿ

ಬೀದರ ಸೀಮೆಯ ರಾಜೇಶ್ವರದ ಕಡೆಯವರಿಗೆ ಕೆತ್ತಿದ ಕಲ್ಲು ಅಪರೂಪದ ವಸ್ತುವಲ್ಲ. ಹಣಮಪ್ಪನ ಕಟ್ಟೆಗೆ ಒರಗಿಸಿಟ್ಟ ವೀರಗಲ್ಲು, ಬೇವಿನ ಬುಡದಲ್ಲಿ ಎಣ್ಣೆ ಕುಂಕುಮ ಮೆತ್ತಿಕೊಂಡು ಕೂತ ನಾಗರಕಲ್ಲು, ಬಾವಿಯ ಮೆಟ್ಟಿಲಾಗಿ ಹೋದ ಕಂಬದ ತುಂಡು, ಇವನ್ನೆಲ್ಲ ದಾಟಿಕೊಂಡೇ ನಾವು ಬೆಳೆದವರು. ಒಂದು ಕಡೆ ಬಸವಕಲ್ಯಾಣ, ಇನ್ನೊಂದು ಕಡೆ ಹುಮನಾಬಾದ್. 11ನೆಯ ಶತಮಾನದ ನಡುವಿನಲ್ಲಿ ಒಂದನೆಯ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ ತಂದ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಇಲ್ಲಿಂದಲೇ ಆಳಿದ. ಅಷ್ಟು ದೊಡ್ಡ ರಾಜಧಾನಿಯ ಸುತ್ತಲಿನ ಹಳ್ಳಿಗಳಲ್ಲಿ ಕಲ್ಲುಕುಟಿಗರಿಗೆ ಕೆಲಸ ಕಡಿಮೆಯಾಗಿದ್ದಿರಲಾರದು. ಅವರು ಮಾಡಿಟ್ಟದ್ದು ಎಷ್ಟು ಹೆಚ್ಚಿತ್ತೆಂದರೆ, ನಮಗೆ ಅದರ ಬೆಲೆಯೇ ತಿಳಿಯಲಿಲ್ಲ.

ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಹುಮನಾಬಾದಿನ ಒಂದು ಸಣ್ಣ ಸ್ಟುಡಿಯೋದಲ್ಲಿ. ಪಾಸ್‌ಪೋರ್ಟ್ ಸೈಜಿನ ಫೋಟೋ, ಮದುವೆ, ಕುಬಸ, ಸತ್ತವರ ಪಟ ದೊಡ್ಡದು ಮಾಡಿಕೊಡುವುದು, ಇಷ್ಟೇ ಕೆಲಸ. ಮಾಲಕರು ಹಳೇ ಕಾಲದವರು. ಗಿರಾಕಿ ಬಂದರೆ ಮೊದಲು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂಡಿಸಿ, ಪರದೆ ಹಿಂದೆ ಮುಂದೆ ಸರಿಸಿ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡುತ್ತಿದ್ದರು. ಕ್ಯಾಮೆರಾ ಮುಟ್ಟುವುದು ಆಮೇಲೆ. ನಾನು ಫ್ಲ್ಯಾಷ್ ಹಚ್ಚಲು ಹೋದರೆ ಬೈಯುತ್ತಿದ್ದರು: “ನೆರಳ ಇಲ್ಲಂದ್ರ ಮೂಗ ಇಲ್ಲ, ತಮ್ಮಾ. ಎದುರಿನಿಂದ ಬೆಳಕ ಹೊಡದ್ರ ಮಾರಿ ಅನ್ನೋದು ರೊಟ್ಟಿ ಆಗ್ತದ.”

ಆ ಒಂದು ಮಾತು ನನಗೆ ಮದುವೆ ಫೋಟೋಗಳಿಗಿಂತ ಕಲ್ಲಿನ ಫೋಟೋಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂತು.

ಬಸವಕಲ್ಯಾಣದ ಕೋಟೆಯೊಳಗೊಂದು ಮ್ಯೂಸಿಯಂ ಇದೆ. ಸುತ್ತಮುತ್ತ ಸಿಕ್ಕ ಹತ್ತು, ಹನ್ನೊಂದನೆಯ ಶತಮಾನದ ಮೂರ್ತಿಗಳನ್ನು ತಂದು ಅಲ್ಲಿಟ್ಟಿದ್ದಾರೆ. ಜೈನ ವಿಗ್ರಹಗಳು ಅದರಲ್ಲಿ ಎದ್ದು ಕಾಣುತ್ತವೆ. ಕೋಟೆ ನೋಡಲು ಬಂದವರು ತೋಪು ನೋಡಿ, ಬುರುಜು ಹತ್ತಿ, ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಮ್ಯೂಸಿಯಂ ಒಳಗೆ ಹೊಕ್ಕವರೂ ಒಂದು ಸುತ್ತು ಹಾಕಿ ಹೊರಬೀಳುತ್ತಾರೆ. ಅವರ ತಪ್ಪೇನೂ ಇಲ್ಲ. ಕರಿಕಲ್ಲಿನ ಮೂರ್ತಿಗೆ ತಲೆಯ ಮೇಲಿನ ಟ್ಯೂಬ್‌ಲೈಟ್ ಬಿದ್ದರೆ ಹಣೆ ಹೊಳೆಯುತ್ತದೆ, ಕಣ್ಣು ಗುಳಿ ಬೀಳುತ್ತದೆ, ಗಲ್ಲದ ಕೆಳಗೆ ಪೂರಾ ಕತ್ತಲೆ. ಒಂದರಂತೆ ಇನ್ನೊಂದು ಕಾಣುತ್ತದೆ. ಅಂಥ ಸಾಲಿನ ಮುಂದೆ ಯಾರು ತಾನೇ ನಿಂತಾರು?

ಅಂಥದ್ದೊಂದು ಮೂಲೆಯಲ್ಲಿ ಕೂತ ತೀರ್ಥಂಕರನ ಮುಂದೆ ನಾನು ಕ್ಯಾಮೆರಾ ಹಿಡಿದು ಒದ್ದಾಡುವುದನ್ನು ನೋಡಿ, ಕಾವಲಿಗಿದ್ದ ಹಿರಿಯರು ಹತ್ತಿರ ಬಂದರು. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. “ಈಗೇನ್ ಕಾಣ್ತದ ಇಲ್ಲಿ? ನಾಕ ಹೊಡದ ಮ್ಯಾಲ ಬರ್ರಿ. ಆವಾಗ ಇವನ ಮಾರಿ ಕಾಣ್ತದ” ಅಂದರು.

ಚಳಿಗಾಲದ ದಿನ. ನಾಲ್ಕರ ಮೇಲೆ ಹೋದೆ. ಚಾಚಾ ಒಂದು ಮಾತೂ ಆಡದೆ ಟ್ಯೂಬ್‌ಲೈಟ್ ಆರಿಸಿ, ಬಾಗಿಲಿನ ಎರಡೂ ರೆಕ್ಕೆಗಳನ್ನು ಪೂರ್ತಿ ತೆರೆದರು. ಬಿಸಿಲು ನೇರ ಒಳಗೆ ಬರುತ್ತಿರಲಿಲ್ಲ. ಎದುರಿನ ಗೋಡೆಯ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಹದವಾಗಿ ಬಾಗಿಲಿನಿಂದ ಒಳಗೆ ಹರಿಯುತ್ತಿತ್ತು. ಮೂಲೆಯ ಮೂರ್ತಿಗೆ ಅದು ಎಡಗಡೆಯಿಂದ ಓರೆಯಾಗಿ ತಾಗಿತ್ತು. ಮಧ್ಯಾಹ್ನ ಮಸಿ ಮುದ್ದೆಯಾಗಿದ್ದ ಮುಖದಲ್ಲಿ ಈಗ ರೆಪ್ಪೆಯ ಅಂಚು ಬೇರೆ, ಅದರ ಕೆಳಗಿನ ಕಣ್ಣುಗುಡ್ಡೆಯ ಉಬ್ಬು ಬೇರೆ. ಹೆಗಲವರೆಗೆ ಇಳಿದ ಕಿವಿಯ ಹಾಲೆ ಮತ್ತು ಕುತ್ತಿಗೆಯ ನಡುವೆ ಶಿಲ್ಪಿ ಬಿಟ್ಟಿದ್ದ ಸಂದಿನಲ್ಲಿ ಬೆಳಕು ದಾಟಿ ಹೋಗುತ್ತಿತ್ತು. ಕೆಳದುಟಿಯ ಕೆಳಗಿನ ತಗ್ಗು ಎಷ್ಟು ಮೆಲ್ಲಗೆ ಗಲ್ಲಕ್ಕೆ ಸೇರುತ್ತಿತ್ತೆಂದರೆ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹೇಳಲು ಬರುವಂತಿರಲಿಲ್ಲ. ಎದೆ, ಹೊಟ್ಟೆ ನುಣುಪು. ಅದೇ ಕಲ್ಲಿನ ಬೆನ್ನಲ್ಲಿ ಉಳಿಯ ಗೆರೆಗಳು ಹಾಗೆಯೇ ಇದ್ದವು. ಬಲಗೈ ಮುಂಗೈವರೆಗೆ ಮುರಿದಿತ್ತು. ಆ ಮುರಿದ ಜಾಗದಲ್ಲಿ ಮಾತ್ರ ಕಲ್ಲಿನ ನಿಜವಾದ ಬಣ್ಣ ಕಾಣುತ್ತಿತ್ತು.

ಚಾಚಾ ದಿನವಿಡೀ ಅಲ್ಲೇ ಇರುವವರು. ಯಾವ ತಿಂಗಳು ಯಾವ ಮೂರ್ತಿಗೆ ಎಷ್ಟು ಹೊತ್ತಿಗೆ ಬೆಳಕು ಬರುತ್ತದೆಂಬುದು ಅವರಿಗೆ ಬಾಯಿಪಾಠ. ಯಾವ ಪುಸ್ತಕದಲ್ಲೂ ನನಗೆ ಸಿಗದ ತಿಳಿವಳಿಕೆ ಅದು. ಆಮೇಲೆ ಎಲ್ಲಿಯೇ ಹೋಗಲಿ, ನಾನು ಮೊದಲು ಹುಡುಕುತ್ತಿದ್ದದ್ದು ಅಧಿಕಾರಿಗಳನ್ನಲ್ಲ, ಕಾವಲಿನವರನ್ನು. ಒಂದು ಕಪ್ ಚಹಾ ಕುಡಿಸಿ, “ಕಾಕಾ, ಇಲ್ಲಿ ಬಿಸಲು ಯಾವಾಗ ಬರ್ತದ?” ಎಂದು ಕೇಳಿದರೆ ಅರ್ಧ ಕೆಲಸ ಆದಂತೆ.

ಇನ್ನರ್ಧ ಕೆಲಸವನ್ನು ನನಗೆ ಕಲಿಸಿದ್ದು ಮ್ಯೂಸಿಯಂಗಳಲ್ಲ, ಗುಡಿಗಳು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಗಳಲ್ಲಿ ಹೆಣ್ಣುಗಳ ಸಾಲೇ ಇದೆ. ಅವರಲ್ಲೊಬ್ಬಳು ಶಾಸನ ಬರೆಯುತ್ತಿದ್ದಾಳೆ, ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ. ಶಾಸನಸುಂದರಿ ಎಂದು ಅವಳು ಪ್ರಸಿದ್ಧಳು. ಬಂದವರೆಲ್ಲ ಅವಳೊಬ್ಬಳ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಉಳಿದವರನ್ನು ಕೇಳುವವರಿಲ್ಲ. ನಾನು ಉಳಿದವರಿಗಾಗಿ ಹೋಗುತ್ತಿದ್ದೆ. ಒಂದೇ ಗೋಡೆಯನ್ನು ಬೇರೆ ಬೇರೆ ತಿಂಗಳು ನೋಡಿದ ಮೇಲೆ ಒಂದು ಲೆಕ್ಕ ತಲೆಗೆ ಹೊಕ್ಕಿತು.

ನಮ್ಮ ಊರುಗಳು ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉತ್ತರದ ಗೋಡೆಗೆ ಒಳ್ಳೆಯ ಬಿಸಿಲು ಬೀಳುವುದು ಆ ಹಂಗಾಮಿನಲ್ಲಿ. ಅದರಲ್ಲೂ ಮಳೆಗಾಲ ಶುರುವಾದರೆ ಮೋಡ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಆ ಗೋಡೆಯ ಮೇಲೆ ಬಿಸಿಲಿನ ಒಂದು ಎಳೆಯೂ ಇಲ್ಲ. ದಕ್ಷಿಣದ ಗೋಡೆಯದು ಇದರ ಉಲ್ಟಾ: ಡಿಸೆಂಬರಿನಲ್ಲಿ ನಡುಹಗಲಿಗೂ ಸೂರ್ಯ 49 ಡಿಗ್ರಿಗಿಂತ ಮೇಲೇರುವುದಿಲ್ಲ, ಬೆಳಗಿನಿಂದ ಸಂಜೆಯತನಕ ಬಿಸಿಲು ಅದರ ಮೇಲೆ ಎಡದಿಂದಲೋ ಬಲದಿಂದಲೋ ಸರಿಯುತ್ತಿರುತ್ತದೆ. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರವೇ ಸರದಿ. ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸುವ ಮದನಿಕೆಯರ ಕಥೆ ಮತ್ತೂ ಬೇರೆ. ಅವರಿಗೆ ನೇರ ಬಿಸಿಲು ತಾಗುವುದು ಕಡಿಮೆ. ನೆಲದ ಹಾಸುಗಲ್ಲಿಗೆ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಮೇಲಕ್ಕೆ ಹೋಗಿ ಅವರ ಮುಖಕ್ಕೆ ತಾಗುತ್ತದೆ. ಅವರ ಗಲ್ಲದ ಅಡಿಭಾಗ, ಮೂಗಿನ ಹೊಳ್ಳೆ, ಬಾಗಿದ ಕೈಯ ಒಳಮೈ ಎಲ್ಲವೂ ಅಷ್ಟು ಶ್ರದ್ಧೆಯಿಂದ ಕೆತ್ತಿರುವುದಕ್ಕೆ ಕಾರಣ ಅದೇ ಇರಬೇಕು. ನೋಡುವವನು ಕೆಳಗೆ, ಬೆಳಕೂ ಕೆಳಗೆ. ಇನ್ನು ಗರ್ಭಗುಡಿಯ ಮೂರ್ತಿಗೆ ಸೂರ್ಯನ ಹಂಗೇ ಇಲ್ಲ. ಅದು ಎಣ್ಣೆ ದೀಪಕ್ಕಾಗಿ ಮಾಡಿದ್ದು.

ಅಂದರೆ ಪ್ರತಿ ಶಿಲ್ಪಕ್ಕೂ ಅದರದೇ ಒಂದು ದಿಕ್ಕಿತ್ತು, ಅದರದೇ ಒಂದು ಹೊತ್ತಿತ್ತು. ಶಿಲ್ಪಿ ಉಳಿ ಎಷ್ಟು ಆಳಕ್ಕೆ ಇಳಿಸಬೇಕೆಂದು ನಿರ್ಧರಿಸಿದ್ದು ಅದನ್ನು ನೋಡಿಕೊಂಡೇ ಇರಬೇಕು. ಗುಡಿ ಬಿದ್ದು, ಮೂರ್ತಿ ಹೊಲದಲ್ಲೋ ಕೆರೆಯಲ್ಲೋ ಸಿಕ್ಕಿ, ಟ್ರ್ಯಾಕ್ಟರಿನಲ್ಲಿ ಮ್ಯೂಸಿಯಮ್ಮಿಗೆ ಬಂದಾಗ ಕೈ ಕಾಲು ಮಾತ್ರ ಮುರಿದಿರುವುದಿಲ್ಲ, ಆ ದಿಕ್ಕೂ ಹೋಗಿರುತ್ತದೆ. ಕಡೆಗಣಿಸಿದ ಶಿಲ್ಪಗಳೆಂದು ನಾವು ಕರೆಯುವವುಗಳಲ್ಲಿ ಬಹುಪಾಲು ಬೆಳಕು ತಪ್ಪಿದ ಶಿಲ್ಪಗಳು.

ಹೋದ ದಿಕ್ಕನ್ನು ಅಂದಾಜು ಮಾಡಲು ಕಲ್ಲಿನಲ್ಲೇ ಗುರುತುಗಳಿರುತ್ತವೆ. ಬೆನ್ನು ಒರಟಾಗಿ ಬಿಟ್ಟಿದ್ದರೆ ಅದು ಗೋಡೆಗೆ ಒರಗಿದ್ದ ಮೂರ್ತಿ. ತಲೆ, ಹೆಗಲು ಮಳೆಗೆ ಸವೆದು, ಕೆಳಗಿನ ಕೆತ್ತನೆ ಚೂಪಾಗಿಯೇ ಉಳಿದಿದ್ದರೆ ಬಯಲಿನಲ್ಲಿ ಬಹಳ ಕಾಲ ಇದ್ದದ್ದು. ಎಣ್ಣೆ ಕುಡಿದು ಮೈ ಕಪ್ಪಾಗಿ ಮಿರುಗುತ್ತಿದ್ದರೆ ಪೂಜೆಗೊಂಡದ್ದು. ತೀರ ಆಳವಾಗಿ ಕೊರೆದ ಹಾರ, ಜಡೆ, ಬಳ್ಳಿ ಇದ್ದರೆ ಸಾಧಾರಣ ಬೆಳಕಿನಲ್ಲೂ ನೆರಳು ಹುಟ್ಟಲಿ ಎಂಬ ಯೋಚನೆ ಅದರ ಹಿಂದಿದೆ. ಇಷ್ಟನ್ನು ನೋಡಿಕೊಂಡು, ಈ ಕೋಣೆಯಲ್ಲಿ ಅದಕ್ಕೆ ಹೊಂದುವ ಬೆಳಕು ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಬರುತ್ತದೆಂದು ಕಾಯಬೇಕು. ಫೋಟೋ ತೆಗೆಯುವುದೆಂದರೆ ನನ್ನ ಪಾಲಿಗೆ ಮುಕ್ಕಾಲು ಭಾಗ ಕಾಯುವ ಕೆಲಸವೇ ಆಗಿತ್ತು.

ಕಲಬುರಗಿಯ ಸರಕಾರಿ ಮ್ಯೂಸಿಯಂ ಈ ವಿದ್ಯೆಗೆ ಒಳ್ಳೆಯ ಶಾಲೆ. ಅದಿರುವುದು ಬಹಮನಿಯರ ಕಾಲದ ಗುಮ್ಮಟದ ಕಟ್ಟಡಗಳಲ್ಲಿ. ದಪ್ಪ ಗೋಡೆ, ಮೇಲೆ ಗುಮ್ಮಟ. ಹೊರಗಿನ ಬೆಳಕು ಮುಖ್ಯವಾಗಿ ಬಾಗಿಲಿನಿಂದಲೇ ಬರಬೇಕು. ನಮ್ಮ ಕಡೆಯ ಕರಿಕಲ್ಲಿನ ಮೂರ್ತಿಗಳ ಜೊತೆ ಅಲ್ಲಿ ಸನ್ನತಿಯ ಕಡೆಯ ಬಿಳಿ ಸುಣ್ಣಕಲ್ಲಿನ ಕೆತ್ತನೆಗಳೂ ಇವೆ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಶತಮಾನಗಳ ಕಾಲ ಮಣ್ಣಿನಡಿ ಮಲಗಿದ್ದ ಬೌದ್ಧ ಸ್ತೂಪದ ಕಲ್ಲುಗಳು ಎಂಬತ್ತು, ತೊಂಬತ್ತರ ದಶಕದಲ್ಲಿ ಒಂದೊಂದಾಗಿ ಹೊರಬಂದವು. ಅಶೋಕನ ಹೆಸರನ್ನೇ ಬರೆದು ಅವನ ಚಿತ್ರ ಕೆತ್ತಿದ ಹಲಗೆ ಕನಗನಹಳ್ಳಿಯಲ್ಲಿ ಸಿಕ್ಕಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಆದರೆ ಅದೇ ಕಲ್ಲಿನ ಸಣ್ಣ ತುಂಡುಗಳಲ್ಲಿ ಒಂದು ಕಮಲದ ಅರ್ಧ, ಒಂದು ಆನೆಯ ಹಿಂಗಾಲು, ಕೈ ಮುಗಿದ ಯಾರದೋ ಬೆರಳು ಇವೆಲ್ಲ ಇರುತ್ತವಲ್ಲ, ಅವುಗಳ ಮುಂದೆ ಜನ ನಿಲ್ಲುವುದಿಲ್ಲ.

ಸುಣ್ಣಕಲ್ಲಿನ ಕೆತ್ತನೆ ತೆಳು. ಕರಿಕಲ್ಲಿಗೆ ಸಾಲುವ ಓರೆ ಬೆಳಕು ಅದಕ್ಕೆ ಸಾಲದು, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಬೇಕು. ಗುಮ್ಮಟದ ಬಾಗಿಲಿನ ಪಕ್ಕದ ಗೋಡೆಗೆ ಹಾಗೆ ಸವರುವ ಬೆಳಕು ಸಿಗುತ್ತದೆ, ಎದುರಿನ ಗೋಡೆಗೆ ಸಿಗುವುದಿಲ್ಲ. ಶಾಸನ ಓದುವವರಿಗೆ ಈ ಗುಟ್ಟು ಹಳೆಯದು. ಮಧ್ಯಾಹ್ನ ಒಂದಕ್ಷರವೂ ಕಾಣದ ಕಲ್ಲು ಸಂಜೆಯ ಇಳಿಬಿಸಿಲಿಗೆ ತಾನಾಗಿ ಓದಿಸಿಕೊಳ್ಳುತ್ತದೆ.

ಕರಿಕಲ್ಲಿನ ತಕರಾರೇ ಬೇರೆ. ಬೀದರ ಸೀಮೆಯ ನೆಲ ಮೇಲೆ ಕೆಂಪು ಮುರಕಲ್ಲು, ಕೆಳಗೆ ದಖನ್ನಿನ ಕಪ್ಪು ಅಗ್ನಿಶಿಲೆ. ಕ್ಯಾಮೆರಾದ ಮೀಟರಿಗೆ ಕಪ್ಪು ಎಂಬುದೇ ಗೊತ್ತಿಲ್ಲ, ಎಲ್ಲವನ್ನೂ ಬೂದು ಮಾಡುವುದು ಅದರ ಸ್ವಭಾವ. ಅದರ ಮಾತು ಕೇಳಿದರೆ ಮೂರ್ತಿ ಬೂದಿ ಬಳಿದುಕೊಂಡಂತೆ ಬರುತ್ತದೆ. ಮೀಟರ್ ಹೇಳಿದ್ದಕ್ಕಿಂತ ಒಂದು, ಒಂದೂವರೆ ಸ್ಟಾಪ್ ಕಡಿಮೆ ಕೊಟ್ಟರೆ ಕಲ್ಲು ಕಲ್ಲಾಗಿ ಉಳಿಯುತ್ತದೆ. ನಾನು ಶುರುಮಾಡಿದ ಕಾಲಕ್ಕೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ‘ಇಂದು’ ಕಪ್ಪು-ಬಿಳುಪು ರೋಲು ಅಗ್ಗದಲ್ಲಿ ಸಿಗುತ್ತಿತ್ತು. ಆ ನಿಧಾನದ ಫಿಲ್ಮಿಗೆ ಬಾಗಿಲಿನ ಬೆಳಕಿನಲ್ಲಿ ಅರ್ಧ ಸೆಕೆಂಡು, ಕೆಲವೊಮ್ಮೆ ಒಂದು ಸೆಕೆಂಡು ಶಟರ್ ತೆರೆದಿರಬೇಕು. ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಸ್ಟ್ಯಾಂಡ್ ನಿಲ್ಲಿಸಲು ಅನುಮತಿ ಇರಲಿಲ್ಲ, ಫ್ಲ್ಯಾಷ್ ಮೊದಲೇ ಬೇಡ. ಅದಕ್ಕೆ ಅವ್ವನ ಹಳೇ ಸೀರೆಯಿಂದ ಹೊಲಿಸಿದ ಒಂದು ಸಣ್ಣ ಚೀಲಕ್ಕೆ ಜೋಳ ತುಂಬಿಕೊಂಡು ಹೋಗುತ್ತಿದ್ದೆ. ನೆಲದ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಅದನ್ನಿಟ್ಟು ಕ್ಯಾಮೆರಾ ಒತ್ತಿ ಕೂಡಿಸಿದರೆ ಅಲುಗಾಟವಿಲ್ಲ. ಗೇಟಿನಲ್ಲಿ ತಪಾಸಣೆ ಮಾಡುವವರಿಗೆ ಆ ಜೋಳದ ಚೀಲದ ಲೆಕ್ಕ ಕೊಡುವುದೇ ಒಂದು ತಮಾಷೆ.

ಬೆಳಕು ಒಂದೇ ಬದಿಯಿಂದ ಬಂದಾಗ ಇನ್ನೊಂದು ಬದಿ ಪೂರಾ ಕತ್ತಲಾಗುತ್ತದೆ. ಅದಕ್ಕೆ ಬಿಳಿ ಧೋತರ ಸಾಕು. ಚಾಚಾ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತರೆ ನೆರಳಿನೊಳಗಿನ ಬಳೆ, ಉಡಿದಾರ ಮೆಲ್ಲಗೆ ಮೇಲೇಳುತ್ತಿದ್ದವು. ಅಜಂತಾದ ಗುಹೆಗಳಲ್ಲಿ ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ ಚಿತ್ರ ತೋರಿಸುತ್ತಿದ್ದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅಜಂತಾ ಮತ್ತು ನಮ್ಮ ಕಲ್ಯಾಣ ಎರಡೂ ಆಗ ನಿಜಾಮರ ಸೀಮೆಯವೇ. ನಾನೂ ಕನ್ನಡಿ ಹಿಡಿದು ನೋಡಿದೆ. ಚಿತ್ರಕ್ಕೆ ಸರಿ, ಕಲ್ಲಿಗೆ ಅದು ಬಹಳ ಗಡುಸು. ಧೋತರದ ಬೆಳಕೇ ಹಿತ.

ನಿಜಾಮ ಸರಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದು ಗುಲಾಮ್ ಯಜ್ದಾನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಬೀದರಿನ ಸ್ಮಾರಕಗಳ ಮೇಲೆ ಅವರ ದೊಡ್ಡ ಪುಸ್ತಕ ಬಂದದ್ದು 1947ರಲ್ಲಿ. ಅದಕ್ಕೂ ಮೊದಲು, 1900ರಲ್ಲಿ, ಹೆನ್ರಿ ಕಸಿನ್ಸ್ ನಿಜಾಮರ ಸೀಮೆಯ ಪ್ರಾಚೀನ ಅವಶೇಷಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಆದರೆ ಕಸಿನ್ಸ್ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ತಂದ ದೊಡ್ಡ ಸಚಿತ್ರ ಗ್ರಂಥದ ಕೇಂದ್ರ ಮುಂಬಯಿ ಆಡಳಿತದ ಕನ್ನಡ ಜಿಲ್ಲೆಗಳು. ಧಾರವಾಡದ ಕಡೆಯ ಗುಡಿಗಳಿಗೆ ಸಿಕ್ಕ ಹೆಸರು ನಮ್ಮ ಕಡೆಯವಕ್ಕೆ ಸಿಗಲಿಲ್ಲ. ರಾಜಧಾನಿ ನಮ್ಮದು, ಪಟ ಅವರದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕೆಲವು ಮೂರ್ತಿಗಳು ಹೈದರಾಬಾದಿನಲ್ಲಿ, ಕೆಲವು ಇಲ್ಲಿ, ಬಹಳಷ್ಟು ಹೊಲದ ಬದುವಿನಲ್ಲಿ.

ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ಮ್ಯೂಸಿಯಮ್ಮಿಗೂ ನಾನು ಹೋಗಿಬಂದವನೇ. ನಮ್ಮೂರ ಹೆದ್ದಾರಿಯಲ್ಲೇ ಪೂರ್ವಕ್ಕೆ ಹೋದರೆ, ಹೈದರಾಬಾದ್ ಮುಟ್ಟುವ ಮೊದಲು ಪಟನ್‌ಚೆರು ಬರುತ್ತದೆ. ಚಾಲುಕ್ಯರ ಕಾಲದ ಪೊಟ್ಟಳಕೆರೆ ಅದೇ. ಅಲ್ಲಿನ ಜಿನಮೂರ್ತಿಗಳು ಈ ಮ್ಯೂಸಿಯಮ್ಮಿನಲ್ಲಿವೆ. ಕಲ್ಯಾಣದ ಮೂಲೆಯಲ್ಲಿ ಕೂತವನಿಗೂ ಅವಕ್ಕೂ ಇರುವ ಹೋಲಿಕೆ ನೋಡಿದಾಗ, ಇವು ಒಂದೇ ಮನೆತನದ ಮಕ್ಕಳು, ಗಡಿ ಎಳೆದವರು ನಾವು ಎನ್ನಿಸಿತು.

ಮನೆಯಲ್ಲಿ ಈ ಹುಚ್ಚಿಗೆ ಒಪ್ಪಿಗೆ ಇರಲಿಲ್ಲ. “ಭಿನ್ನ ಆದ ದೇವರ ಫೋಟೋ ಮನ್ಯಾಗ ಯಾಕ ತರ್ತಿ?” ಎಂದು ಅವ್ವ ಕೇಳುತ್ತಿದ್ದಳು. ಅವಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮುರಿದ ಮೂರ್ತಿಗೆ ಪೂಜೆ ಇಲ್ಲವೆಂಬ ನಂಬಿಕೆಯಿಂದಲೇ ಎಷ್ಟೋ ಮೂರ್ತಿಗಳು ಕೆರೆ ಬಾವಿ ಸೇರಿದವು. ಮಣ್ಣಿನಡಿ ಇದ್ದದ್ದರಿಂದಲೇ ಅವುಗಳ ಮೈ ಉಳಿದು, ಒಂದು ದಿನ ಹೂಳೆತ್ತುವಾಗ ಸಿಕ್ಕವು. ಒಂದು ಕಚೇರಿಯಲ್ಲೂ ಇದೇ ಪ್ರಶ್ನೆ, ಬೇರೆ ಧಾಟಿಯಲ್ಲಿ: ಚಂದ ಇದ್ದದ್ದು ಬಿಟ್ಟು ಒಡೆದದ್ದರ ಫೋಟೋ ಯಾಕೆ? ಮ್ಯೂಸಿಯಂ ಒಳಗೆ ಫೋಟೋ ತೆಗೆಯಲು ಅನುಮತಿ ಕೇಳಿದ ನನ್ನ ಅರ್ಜಿ ಅಲ್ಲಿ ಬಹಳ ದಿನ ಕೂತಿತು. ಆ ದಿನಗಳಲ್ಲಿ ನಾನು ಒಳಗಿನವನ್ನು ಬಿಟ್ಟು ಅಂಗಳದವುಗಳ ಬೆನ್ನು ಹತ್ತಿದೆ.

ಅಂಗಳದಲ್ಲಿ ಇರುವವು ವೀರಗಲ್ಲುಗಳು, ಮಾಸ್ತಿಗಲ್ಲುಗಳು, ತುಂಡಾದ ನಂದಿಗಳು. ಒಳಗೆ ಜಾಗ ಸಾಲದೆ, ಇಲ್ಲವೆ ಅಷ್ಟು ಯೋಗ್ಯವಲ್ಲವೆಂದು ಕಂಪೌಂಡ್ ಗೋಡೆಗೆ ಒರಗಿಸಿಟ್ಟವು. ಅವುಗಳ ಪುಣ್ಯಕ್ಕೆ ಮೇಲೆ ಟ್ಯೂಬ್‌ಲೈಟ್ ಇಲ್ಲ, ಸೂರ್ಯನಿದ್ದಾನೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಹೊಟ್ಟೆ ಮೇಲೆ ಮಲಗಿ, ಕ್ಯಾಮೆರಾ ನೆಲಕ್ಕೆ ತಾಗಿಸಿ ಸಂಜೆಯ ಬಿಸಿಲಿನಲ್ಲಿ ನೋಡಿದರೆ ಕಾಳಗದ ಪಟ್ಟಿಯಲ್ಲಿ ಕುದುರೆಯ ಲಗಾಮು ಕಾಣುತ್ತದೆ. ಒಂದು ಕಲ್ಲಿನಲ್ಲಿ ವೀರನ ಹಿಂದೆ ಬಾಲವೆತ್ತಿ ನಿಂತ ನಾಯಿ ಕಂಡಿತು. ಅದೇ ಕಲ್ಲನ್ನು ಹಗಲಿನಲ್ಲಿ ಎಷ್ಟೋ ಸಲ ದಾಟಿ ಹೋಗಿದ್ದರೂ ನಾಯಿ ಕಣ್ಣಿಗೆ ಬಿದ್ದಿರಲಿಲ್ಲ. ಆ ವೀರನ ಹೆಸರು ಅಲ್ಲಿಲ್ಲ. ಆದರೆ ಅವನ ನಾಯಿಯನ್ನೂ ನೆನಪಿಟ್ಟು ಕೆತ್ತಿಸಿದವರು ಯಾರೋ ಇದ್ದರು.

ಅರ್ಜಿ ಮಂಜೂರಾದ ಮೇಲೂ ಅಂಗಳದ ಕಲ್ಲುಗಳನ್ನು ನಾನು ಬಿಡಲಿಲ್ಲ.

ಈಗ ಮೊಬೈಲಿನಲ್ಲೇ ಕತ್ತಲಲ್ಲಿ ಫೋಟೋ ಬರುತ್ತದೆ, ಜೋಳದ ಚೀಲ ಬೇಡ. ಮ್ಯೂಸಿಯಂಗಳಲ್ಲಿ ಎಲ್‌ಇಡಿ ದೀಪಗಳು ಬಂದಿವೆ. ಅದು ಒಳ್ಳೆಯದೇ. ಆದರೆ ದೀಪ ಹಚ್ಚುವವರು ಮೂರ್ತಿಯನ್ನು ಕೇಳುವುದಿಲ್ಲ, ಗುತ್ತಿಗೆದಾರನನ್ನು ಕೇಳುತ್ತಾರೆ. ಒಂದು ಸಣ್ಣ ಕೆಲಸ ಯಾವ ಖರ್ಚೂ ಇಲ್ಲದೆ ಆಗಬಹುದು. ಮೂರ್ತಿ ಸಿಕ್ಕ ದಿನ ರಿಜಿಸ್ಟರಿನಲ್ಲಿ ಊರು, ಎತ್ತರ, ಅಗಲ ಬರೆಯುತ್ತಾರಲ್ಲ, ಅದರ ಪಕ್ಕದಲ್ಲೇ ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾವ ಗೋಡೆಯದು ಎಂದು ಗೊತ್ತಿದ್ದಷ್ಟು ಬರೆದಿಡಲಿ. ಅದನ್ನು ನಿಲ್ಲಿಸುವಾಗ ಆ ಬದಿಯಿಂದ ಬೆಳಕು ಬರುವ ಹಾಗೆ ಸ್ವಲ್ಪ ತಿರುಗಿಸಲಿ. ಕಾವಲಿನವರನ್ನು ಒಂದು ಮಾತು ಕೇಳಲಿ.

ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟು. ಮ್ಯೂಸಿಯಮ್ಮಿನ ಸಮಯವೇ ಹತ್ತರಿಂದ ಐದು ಎಂದಿರುತ್ತದೆ, ಬೆಳಗಿನ ಎಳೆಬಿಸಿಲು ನಮ್ಮ ಹಣೆಯಲ್ಲಿ ಬರೆದಿಲ್ಲ. ಬೇಸಿಗೆಯಲ್ಲಿ ಬಾಗಿಲು ಹಾಕುವಾಗಲೂ ಸೂರ್ಯ ಮೇಲೆಯೇ ಇರುತ್ತಾನೆ. ಓರೆ ಬಿಸಿಲೂ ತೆರೆದ ಬಾಗಿಲೂ ಒಟ್ಟಿಗೆ ಸಿಗುವುದು ಡಿಸೆಂಬರ್, ಜನವರಿಯಲ್ಲಿ, ಸಂಜೆ ನಾಲ್ಕರಿಂದ ಐದರೊಳಗೆ. ಆಗ ಹೋಗಿ. ದೊಡ್ಡ ಮೂರ್ತಿಗಳನ್ನು ಬೇಗ ನೋಡಿ ಮುಗಿಸಿ, ಮೂಲೆಯದೊಂದರ ಮುಂದೆ ಕೂತುಬಿಡಿ. ರಾಜ್ಯ ಸರಕಾರದ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಕೇಂದ್ರದವಕ್ಕೆ ಶುಕ್ರವಾರ. ಬಸ್ಸು ಹತ್ತುವ ಮೊದಲು ಅದೊಂದನ್ನು ವಿಚಾರಿಸಿಕೊಳ್ಳಿ.